ಕೇಳಿದ್ದಕ್ಕೆ ಹೇಳ್ತೇನೆ: ಜಾಮೀನು ಹಾಕುವವರು ಯಾರು?

ಕಳೆದ ಸಂಚಿಕೆಯಲ್ಲಿ ಒಬ್ಬರು "ಧರ್ಮ ಅಂದ್ರೆ ಏನು?" ಎಂದು ಒಂದೇ ಸಾಲಿನಲ್ಲಿ ಕೇಳಿದ್ದರು. ನಾನು ತಮಾಷೆಗೆ "ಮದುವೆ ಕಾಗದದಲ್ಲಿ ಎಲ್ಲಕ್ಕಿಂತ ಮೇಲೆ ಅಚ್ಚಾಗುವ ಸಾಲು" ಎಂದು ಬರೆದು ಮುಗಿಸಿಬಿಟ್ಟೆ. ಅಷ್ಟಕ್ಕೆ ಇಷ್ಟು ಪತ್ರ ಬರುತ್ತದೆ ಎಂದು ಗೊತ್ತಿದ್ದರೆ ಬಾಯಿಮುಚ್ಚಿ ಕೂರುತ್ತಿದ್ದೆ. ಬೈದವರೂ ಇದ್ದಾರೆ, ನಿಜವಾಗಿ ಕೇಳಿದವರೂ ಇದ್ದಾರೆ. ಸಂಪಾದಕರು "ಈ ಸಲ ಪೂರ್ತಿ ಅದಕ್ಕೇ ಬಿಡಿ" ಎಂದರು. ಹಾಗಾಗಿ ಮಲ್ಲಿಗೆ ಗಿಡಕ್ಕೆ ಹುಳ ಬಿದ್ದವರು, ಪಿಂಚಣಿ ನಿಂತವರು ದಯವಿಟ್ಟು ಹದಿನೈದು ದಿನ ಕಾಯಿರಿ.

ಹೆಚ್ಚಿನವರು ಹೆಸರು ಹಾಕಬೇಡಿ ಎಂದಿದ್ದಾರೆ. ಊರು ಮಾತ್ರ ಹಾಕಿದ್ದೇನೆ. ಹೆಸರು ಬೇಡ ಎಂದದ್ದು ಯಾಕೆ ಎಂದು ಯೋಚಿಸಿದರೆ ಅರ್ಧ ಉತ್ತರ ಅಲ್ಲೇ ಸಿಗ್ತದೆ, ಅಲ್ವಾ?

ಪ್ರಶ್ನೆ: ಮೇಡಂ, ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ದೇವರನ್ನು ನಂಬುವುದಿಲ್ಲ, ದೇವಸ್ಥಾನಕ್ಕೆ ಹೋಗುವುದಿಲ್ಲ. ಆದರೂ ಯಾವ ಫಾರ್ಮ್ ತುಂಬಿದರೂ ಧರ್ಮ ಎಂಬ ಕಾಲಂ ಇರುತ್ತದೆ. ನಂಬಿಕೆಯೇ ಇಲ್ಲದವನಿಗೆ ಧರ್ಮ ಎಲ್ಲಿಂದ ಬಂತು?
ಸುರತ್ಕಲ್

ಉತ್ತರ: ಫಾರ್ಮಿನ ವಿಷಯ ಸುಲಭ. "ಇಲ್ಲ" ಎಂದು ಬರೆಯಿರಿ. 2011ರ ಜನಗಣತಿಯಲ್ಲೇ ಧರ್ಮ ಹೇಳದವರನ್ನು ಬೇರೆಯಾಗಿ ಲೆಕ್ಕ ಹಾಕಿದ್ದಾರೆ, ನೀವು ಒಬ್ಬರೇ ಅಲ್ಲ.

ನಂಬಿಕೆಯ ವಿಷಯ ಅಷ್ಟು ಸುಲಭ ಇಲ್ಲ. ನಾನು ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಹನ್ನೊಂದು ವರ್ಷ ಸಾಲದ ಟೇಬಲ್. ಸಾಲ ಕೇಳಲು ಬಂದವರು ಎದುರಿನ ಕುರ್ಚಿಯಲ್ಲಿ ಕೂತು ಲೋಕದ ಮಾತೆಲ್ಲ ಆಡುತ್ತಿದ್ದರು. "ನನಗೆ ಜಾತಿಗೀತಿ ಎಲ್ಲ ಇಲ್ಲ ಮೇಡಂ" ಎನ್ನುವವರೂ ಬೇಕಾದಷ್ಟು ಜನ. ಆಮೇಲೆ ನಾನು ಅರ್ಜಿಯ ಕೊನೆಯ ಪುಟ ತಿರುಗಿಸುತ್ತಿದ್ದೆ. ಅಲ್ಲಿ ಜಾಮೀನುದಾರರ ಸಹಿ. ಶೆಟ್ಟರಿಗೆ ಶೆಟ್ಟರು. ಪೂಜಾರಿಗೆ ಪೂಜಾರಿ. ಡಿಸೋಜರಿಗೆ ಪಿಂಟೊ. ಬ್ಯಾರಿಗೆ (ಕರಾವಳಿಯ ಮುಸ್ಲಿಮರು) ಬ್ಯಾರಿ. ಭಟ್ಟರಿಗೆ ರಾವ್. ಎಲ್ಲ ಅವರವರ ಜಾತಿ ಮತದವರೇ. ಹನ್ನೊಂದು ವರ್ಷದಲ್ಲಿ ಇದು ತಪ್ಪಿದ್ದು ಇಲ್ಲ ಎಂದಲ್ಲ, ತಪ್ಪಿದಾಗ ನಾವು ಸ್ಟಾಫಿನವರು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದೆವು. ಅಷ್ಟು ಅಪರೂಪ.

ಯಾರೂ ಬೇಕೆಂದೇ ಮಾಡಿದ್ದಲ್ಲ ಅದು. ಜಾಮೀನು ಹಾಕುವುದೆಂದರೆ ಇವನು ಕಟ್ಟದಿದ್ದರೆ ನಾನು ಕಟ್ತೇನೆ ಎಂದು ಬರೆದುಕೊಡುವುದು. ಅಷ್ಟು ಧೈರ್ಯ ಬರಬೇಕಾದರೆ ಅವನ ಅಪ್ಪ ಗೊತ್ತಿರಬೇಕು, ಮನೆ ಗೊತ್ತಿರಬೇಕು, ಅವನು ಮುಂಬಯಿಗೋ ದುಬಾಯಿಗೋ ಓಡಿಹೋದರೆ ಯಾರ ಮನೆ ಬಾಗಿಲಿಗೆ ಹೋಗಿ ಕೂರಬೇಕು ಎಂದು ಗೊತ್ತಿರಬೇಕು. ಇಷ್ಟು ಗೊತ್ತಾಗುವುದು ಎಲ್ಲಿ? ಮದುವೆ ಹಾಲಿನಲ್ಲಿ, ಬೊಜ್ಜದ (ಉತ್ತರಕ್ರಿಯೆಯ) ಊಟದಲ್ಲಿ, ಶುಕ್ರವಾರ ನಮಾಜು ಮುಗಿಸಿ ಹೊರಗೆ ಬರುವಾಗ, ಭಾನುವಾರ ಪೂಜೆ ಬಿಟ್ಟ ಮೇಲೆ ಇಗರ್ಜಿಯ (ಚರ್ಚಿನ) ಅಂಗಳದಲ್ಲಿ, ದೈವದ ಕೋಲದ ರಾತ್ರಿ ಚಪ್ಪರದ ಕಂಬಕ್ಕೆ ಒರಗಿ ಚಾ ಕುಡಿಯುವಾಗ. ದೇವರನ್ನು ನಂಬದೆಯೂ ನೀವು ಇಲ್ಲೆಲ್ಲ ಹೋಗಿರುತ್ತೀರಿ. ಹೋಗದಿದ್ದರೆ ನಿಮ್ಮ ಅಪ್ಪ ಹೋಗಿರುತ್ತಾರೆ. ನಿಮಗೆ ಎಜುಕೇಶನ್ ಲೋನ್ ಆಗಿದ್ದರೆ ಮನೆಗೆ ಹೋಗಿ ಕೊನೆಯ ಪುಟ ಸುಮ್ನೆ ಒಮ್ಮೆ ನೋಡಿ.

ಇನ್ನೊಂದು ಮಾತು. ನನಗೆ ಗೊತ್ತಿರುವ ಒಬ್ಬರು ಊರಿಗೇ ದೊಡ್ಡ ನಾಸ್ತಿಕರು, ಆದರೆ ಸಂಕ್ರಾಂತಿಯ ದಿನ ಮೀನು ಮುಟ್ಟುವುದಿಲ್ಲ. ಕೇಳಿದರೆ "ಅಮ್ಮನಿಗೆ ಬೇಜಾರಾಗ್ತದೆ" ಎನ್ನುತ್ತಾರೆ. ಅಮ್ಮ ತೀರಿಹೋಗಿ ಒಂಬತ್ತು ವರ್ಷ ಆಯ್ತು.

ಪ್ರಶ್ನೆ: ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಇಷ್ಟೊಂದು ಬ್ಯಾಂಕ್ ಹುಟ್ಟಿದ್ದು ನಾವು ಬುದ್ಧಿವಂತರು ಎಂದೇ? ಅಥವಾ ಅದಕ್ಕೂ ಜಾತಿ ಧರ್ಮಕ್ಕೂ ಸಂಬಂಧ ಉಂಟೇ? ನೀವು ಬ್ಯಾಂಕಿನವರಾದ್ದರಿಂದ ಕೇಳಿದೆ.
ಕಿನ್ನಿಮೂಲ್ಕಿ, ಉಡುಪಿ

ಉತ್ತರ: ಸಾರ್, ನೀವು ನನ್ನ ಇಷ್ಟದ ವಿಷಯ ಕೇಳಿದಿರಿ, ಸ್ವಲ್ಪ ಉದ್ದ ಆಗ್ತದೆ.

1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಶುರು ಮಾಡಿದ ಸಂಸ್ಥೆಯ ಮೊದಲ ಹೆಸರು ಕೆನರಾ ಹಿಂದೂ ಪರ್ಮನೆಂಟ್ ಫಂಡ್. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಊರಿನ ಕೆಲವರನ್ನು ಸೇರಿಸಿಕೊಂಡು ಒಂದು ಬ್ಯಾಂಕ್ ಕಟ್ಟಿದರು, ಮುಂದೆ ಅದು ಕಾರ್ಪೊರೇಷನ್ ಬ್ಯಾಂಕ್ ಆಯಿತು. 1912ರಲ್ಲಿ ಮಂಗಳೂರಿನ ಕೆಥೊಲಿಕರ ಸಹಕಾರಿ ಸಂಘ ಬಂತು, ಈಗಿನ ಎಂಸಿಸಿ ಬ್ಯಾಂಕ್. 1924ಕ್ಕೆ ಕರ್ಣಾಟಕ ಬ್ಯಾಂಕ್. 1925ಕ್ಕೆ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ. 1931ರಲ್ಲಿ ಎ.ಬಿ. ಶೆಟ್ಟರು ಮತ್ತು ಬಂಟ ಮುಖಂಡರು ಸೇರಿ ವಿಜಯಾ ಬ್ಯಾಂಕ್. ಪಟ್ಟಿ ನೋಡಿದರೆ ಗೊತ್ತಾಗ್ತದೆ, ಹೆಚ್ಚುಕಮ್ಮಿ ಒಂದೊಂದು ಸಮುದಾಯ ಒಂದೊಂದು ಬ್ಯಾಂಕಿನ ಹಿಂದೆ ನಿಂತಿತ್ತು.

ಕಾರಣ ನಾನು ಮೇಲೆ ಹೇಳಿದ ಜಾಮೀನೇ. ಆಗ ಆಧಾರ್ ಇರಲಿಲ್ಲ, ಸಿಬಿಲ್ ಸ್ಕೋರ್ ಇರಲಿಲ್ಲ. ಯಾರಿಗೆ ಸಾಲ ಕೊಡಬಹುದು ಎಂದು ಗೊತ್ತಾಗುವುದು ನಮ್ಮವರೇ ಆಗಿದ್ದರೆ ಮಾತ್ರ. ಡೆಪಾಸಿಟ್ ಇಡುವವರಿಗೂ ಹಾಗೇ, ನಮ್ಮವರ ಕೈಯಲ್ಲಿದ್ದರೆ ದುಡ್ಡು ಮುಳುಗುವುದಿಲ್ಲ ಎಂಬ ಸಮಾಧಾನ. ಧರ್ಮ, ಜಾತಿ ಅಲ್ಲಿ ಮಾಡಿದ್ದು ಇಂದು ಕಂಪ್ಯೂಟರ್ ಮಾಡುವ ಕೆಲಸವನ್ನು.

ಆದರೆ ಬ್ಯಾಂಕು ಬೆಳೆದದ್ದು ಬೇರೆ ದಾರಿಯಲ್ಲಿ. ನಮ್ಮವರ ಡೆಪಾಸಿಟ್ ಮಾತ್ರ ಸಾಕಾಗುವುದಿಲ್ಲ. 1910ರಲ್ಲೇ ಪೈಗಳ ಸಂಸ್ಥೆ ಕೆನರಾ ಬ್ಯಾಂಕ್ ಆಯಿತು, ಹೆಸರಿನಿಂದ ಹಿಂದೂ ಎಂಬುದು ಹೋಯಿತು. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬರುತ್ತಿದ್ದ. ಎರಡಾಣೆ ಕೊಡುವ ಮೀನಿನ ಹೆಂಗಸಿನ ಹತ್ರ ಅವನು ಕುಲಗೋತ್ರ ಕೇಳಲಿಕ್ಕುಂಟಾ? ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಡೆಪಾಸಿಟ್ ಕಡೆ ಎಲ್ಲರೂ ಇದ್ದರು. ಸಾಲದ ಜಾಮೀನಿನ ಕಡೆ ಮಾತ್ರ ಹಳೆಯ ಕತೆ. ಈಗ ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಹೋಯಿತು. ಊರಿನ ಹಿರಿಯರಿಗೆ ಅದು ಬ್ಯಾಂಕಿನ ವಿಲೀನ ಎಂದು ಕಾಣಲಿಲ್ಲ, ಮನೆಯ ಹೆಣ್ಣನ್ನು ಘಟ್ಟದ ಮೇಲೆ ಕೊಟ್ಟ ಹಾಗೆ ಬೇಜಾರು ಮಾಡಿಕೊಂಡರು.

ಹಾಜಿ ಅಬ್ದುಲ್ಲಾರ ಬಗ್ಗೆ ಒಂದು ಮಾತು ಬಿಟ್ಟೆ. ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ನಿಂತಿರುವುದು ಅವರು ಕೊಟ್ಟ ಜಾಗದಲ್ಲಿ. ಕೃಷ್ಣಮಠದ ಲಕ್ಷದೀಪಕ್ಕೆ ಎಣ್ಣೆ ಸಾಲದೆ ಬಂದಾಗ ಅವರು ಎಣ್ಣೆ ಕಳಿಸಿದ್ದರು ಎಂದು ಉಡುಪಿಯ ಹಳಬರು ಹೇಳುವುದುಂಟು.

ಪ್ರಶ್ನೆ: ನಮ್ಮ ಕಡೆಯ ಪ್ರೊಟೆಸ್ಟೆಂಟರು ದುಡ್ಡಿನ ಆಸೆಗೆ ಮತಾಂತರ ಆದವರು ಎಂದು ವಾಟ್ಸಾಪಿನಲ್ಲಿ ಓದಿದೆ. ಹೌದೇ?
ಕುಂದಾಪುರ

ಉತ್ತರ: ವಾಟ್ಸಾಪಿನಲ್ಲಿ ಓದಿದ್ದನ್ನು ಕೇಳಿ ಖಚಿತ ಮಾಡಿಕೊಂಡದ್ದೇ ದೊಡ್ಡದು.

ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಕಡೆ ಹೋದ ಮೊದಮೊದಲಿನ ಜನರಿಗೆ ಸಿಕ್ಕಿದ್ದಕ್ಕಿಂತ ಕಳಕೊಂಡದ್ದು ಜಾಸ್ತಿ. ಶೇಂದಿ ಇಳಿಸುತ್ತಿದ್ದವನು ಕ್ರೈಸ್ತನಾದರೆ ಆ ಕಸುಬು ಬಿಡಬೇಕಿತ್ತು, ಮಿಷನ್ನಿನವರಿಗೆ ಹೆಂಡ ಆಗದು. ಒಕ್ಕಲು ಕೂತ ಜಾಗದಿಂದ ಧನಿ ಏಳಿಸುತ್ತಿದ್ದ. ಮನೆಯವರು ಪಾಲು ಕೊಡುತ್ತಿರಲಿಲ್ಲ. ಅಂದರೆ ಒಂದೇ ದಿನಕ್ಕೆ ಕಸುಬು, ಮನೆ, ಜಾಮೀನು ಹಾಕುವವರು ಎಲ್ಲ ಹೋಯಿತು. ಇವರನ್ನು ಎಲ್ಲಿ ದುಡಿಸುವುದು ಎಂದು ಪಾದ್ರಿಗಳಿಗೆ ತಲೆಬಿಸಿ. ಅಚ್ಚುಕೂಟ, ಮಗ್ಗ ಎಲ್ಲ ಬಂದವು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣು ಹಿಡಿದು ಹಂಚಿನ ಕಾರ್ಖಾನೆ ಶುರು ಮಾಡಿದರು. ಅದೇ ಮಂಗಳೂರು ಹಂಚು. ನಿಮ್ಮ ಅಜ್ಜನ ಮನೆಯ ಮಾಡು ಹಂಚಿನದ್ದಾಗಿದ್ದರೆ ಆ ಹಂಚಿನ ಹುಟ್ಟಿನ ಹಿಂದೆ ಕೆಲಸ ಕಳಕೊಂಡ ಆ ಜನ ಇದ್ದಾರೆ. ಅದೇ ಮಿಷನ್ನಿನ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದರು, ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ನಾನು ಈ ಕಾಲಂ ಬರೆಯುವಾಗಲೂ ಕಾಗುಣಿತ ಸಂಶಯ ಬಂದರೆ ಅದನ್ನೇ ತೆಗೆಯುವುದು.

ಆಸೆಗೆ ಹೋದವರು ಯಾರೂ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಮರ್ಯಾದೆಯ ಆಸೆ ಇತ್ತು. ಅದು ಇರಬಾರದಾ? ಅದೇ ಮರ್ಯಾದೆಗಾಗಿ ಮತ ಬಿಡದೆ ಬೇರೆ ದಾರಿ ಹುಡುಕಿದವರೂ ಇಲ್ಲೇ ಇದ್ದರು. ಒಳಗೆ ಬಿಡದ ದೇವಸ್ಥಾನದ ಹೊರಗೆ ನಿಲ್ಲುವುದು ಸಾಕಾಗಿ ಬಿಲ್ಲವರು ನಾರಾಯಣ ಗುರುಗಳನ್ನು ಕರೆಸಿದರು, 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಆಯಿತು. ಇವತ್ತು ಮಂಗಳೂರು ದಸರಾ ಎಂದರೆ ಆ ದೇವಸ್ಥಾನ.

ಮತ ಬದಲಾಯಿಸಿದರೆ ಜಾತಿ ಹೋಗ್ತದೆ ಎಂದುಕೊಂಡರೆ ಅದೂ ಪೂರ್ತಿ ನಿಜ ಅಲ್ಲ. ನಮ್ಮ ಕೊಂಕಣಿ ಕೆಥೊಲಿಕರ ಹಳೆಯ ಮನೆಗಳಲ್ಲಿ ಬಾಮಣ್, ಚಾರೊಡಿ ಎಂಬ ಜಾತಿಯ ಲೆಕ್ಕ ಸಂಬಂಧ ನೋಡುವಾಗ ಮೆಲ್ಲಗೆ ಹೊರಗೆ ಬರುತ್ತದೆ. ನಾನೂರು ವರ್ಷ ಜ್ಞಾನಸ್ನಾನ ಮಾಡಿಸಿದರೂ ತೊಳೆದು ಹೋಗದ ಕಲೆ ಅದು.

ಪ್ರಶ್ನೆ: ಉಡುಪಿ ಹೋಟೆಲಿನ ಸಾಂಬಾರಿಗೆ ಈರುಳ್ಳಿ ಬಿದ್ದದ್ದು ಯಾವಾಗ?
ಬ್ರಹ್ಮಾವರ

ಉತ್ತರ: ಗಿರಾಕಿ ಕೇಳಿದಾಗ. ಮಠದ ಅಡುಗೆಮನೆಯಲ್ಲಿ ಈಗಲೂ ಬೀಳುವುದಿಲ್ಲ.

ಪ್ರಶ್ನೆ: ನನ್ನ ಅಜ್ಜಿ ಬೊಬ್ಬರ್ಯ ದೈವ ಬ್ಯಾರಿ ಎಂದು ಹೇಳುತ್ತಿದ್ದರು. ಈಗ ಹಾಗೆ ಹೇಳಿದರೆ ಜನ ಸಿಟ್ಟಾಗುತ್ತಾರೆ. ಅಜ್ಜಿ ಸುಳ್ಳು ಹೇಳಿದ್ದಾ?
ಮಲ್ಪೆ

ಉತ್ತರ: ಅಜ್ಜಿ ಪಾಡ್ದನ (ದೈವಗಳ ಕತೆ ಹೇಳುವ ತುಳು ಹಾಡು) ಕೇಳಿ ಬೆಳೆದವರು, ನಾವು ಮೊಬೈಲ್ ನೋಡಿ ಬೆಳೆದವರು. ಬೊಬ್ಬರ್ಯನ ಅಪ್ಪ ಬ್ಯಾರಿ ವ್ಯಾಪಾರಿ, ತಾಯಿ ಜೈನರ ಮನೆಯವಳು ಎಂಬ ಪಾಠ ಪಾಡ್ದನದಲ್ಲಿ ಉಂಟು. ಕಡಲಿಗೆ ಇಳಿಯುವ ಮೊಗವೀರರು ಕೈಮುಗಿಯುವುದು ಆ ದೈವಕ್ಕೇ. ಮುಲ್ಕಿಯ ಬಪ್ಪನಾಡಿನಲ್ಲಿ ದುರ್ಗಾಪರಮೇಶ್ವರಿಯ ಗುಡಿ ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ಕತೆ, ಜಾತ್ರೆಯ ಪ್ರಸಾದ ಮೊದಲು ಹೋಗುವುದು ಆ ಮನೆತನಕ್ಕೆ. ಧರ್ಮಸ್ಥಳದಲ್ಲಿ ದೇವರು ಶಿವ, ಪೂಜೆ ಮಾಧ್ವರದ್ದು, ಹೆಗ್ಗಡೆಯವರು ಜೈನರು. ಅತ್ತೂರಿನ ಲಾರೆನ್ಸ್ ಹಬ್ಬದಲ್ಲಿ ಮೇಣದಬತ್ತಿ ಹಚ್ಚಲು ಸಾಲು ನಿಂತವರಲ್ಲಿ ಯಾರು ಯಾವ ಮತ ಎಂದು ಹೇಳಲು ಸಾಧ್ಯವಿಲ್ಲ.

ಇದನ್ನೆಲ್ಲ ಸೌಹಾರ್ದ ಸಭೆಯಲ್ಲಿ ಮೈಕ್ ಹಿಡಿದು ಹೇಳುವವರು ಬಹಳ. ನಾನೂ ಹೇಳಿದ್ದೇನೆ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಇಷ್ಟೆಲ್ಲ ಇದ್ದ ಊರಿನಲ್ಲೇ 2008ರ ಸೆಪ್ಟೆಂಬರಿನಲ್ಲಿ ಇಗರ್ಜಿಗಳ ಮೇಲೆ ದಾಳಿ ಆಯಿತು. ಇದೇ ಊರಿನಲ್ಲೇ 2022ರಲ್ಲಿ ಕೆಲವು ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದು ಎಂದರು, ಅದಕ್ಕೆ ಮುಜರಾಯಿಯ 2002ರ ನಿಯಮವೊಂದನ್ನು ತೋರಿಸಿದರು. ದೈವವನ್ನು ಹಂಚಿಕೊಂಡ ಮಾತ್ರಕ್ಕೆ ಸಂತೆಯಲ್ಲಿ ಜಾಗ ಹಂಚಿಕೊಳ್ಳುತ್ತಾರೆ ಎಂದಿಲ್ಲ. ಬಳೆ ಅಂಗಡಿಯವನಿಗೆ ಬಪ್ಪನ ಕತೆ ಬೇಡ, ಎಂಟಡಿ ಜಾಗ ಬೇಕು. ಕತೆ ನೆನಪಿಡುವುದು ಒಳ್ಳೆಯದೇ, ಜಾಗ ಕೊಡುವ ಕೆಲಸ ಕತೆ ಮಾಡುವುದಿಲ್ಲ.

ಅಜ್ಜಿ ಸುಳ್ಳು ಹೇಳಲಿಲ್ಲ. ಅವರಿಗೆ ಪಾಡ್ದನ ಬರುತ್ತಿದ್ದರೆ, ಇನ್ನೂ ಇದ್ದರೆ, ಕೂಡಲೇ ರೆಕಾರ್ಡ್ ಮಾಡಿ ಇಡಿ.

ಪ್ರಶ್ನೆ: ನಾನು ನರ್ಸ್, ಹೆಸರಿನಿಂದ ಮುಸ್ಲಿಂ ಎಂದು ಗೊತ್ತಾಗುತ್ತದೆ. ಆಸ್ಪತ್ರೆಗೆ ಹತ್ತಿರ ಬಾಡಿಗೆ ಮನೆ ಹುಡುಕಿ ಎರಡು ತಿಂಗಳಾಯಿತು. ಫೋನಿನಲ್ಲಿ ಎಲ್ಲರೂ ಚೆನ್ನಾಗಿ ಮಾತಾಡುತ್ತಾರೆ. ಹೆಸರು ಹೇಳಿದ ಮೇಲೆ ಮನೆ "ಈಗಷ್ಟೇ ಹೋಯ್ತು." ನಾನು ಏನು ತಪ್ಪು ಮಾಡಿದ್ದೇನೆ?
ದೇರಳಕಟ್ಟೆ

ಉತ್ತರ: ನೀವು ಏನೂ ಮಾಡಿಲ್ಲಮ್ಮ. ಮಾಡಿದ್ದು ನನ್ನಂಥವರು. ಇದನ್ನು ಸುಮ್ನೆ ಮಾತಿಗೆ ಹೇಳುತ್ತಿಲ್ಲ.

ರಿಟೈರ್ ಆದ ದುಡ್ಡಿನಲ್ಲಿ ನಾವು ಒಂದು ಸಣ್ಣ ಫ್ಲಾಟ್ ತಗೊಂಡಿದ್ದೆವು. ಬಾಡಿಗೆಗೆ ಕೊಡುವ ಎಂದು ಬ್ರೋಕರಿಗೆ ಹೇಳಿದ್ದೆ. ಒಂದು ದಿನ ಮಧ್ಯಾಹ್ನ ಫೋನ್ ಮಾಡಿದ. "ಒಳ್ಳೆ ಪಾರ್ಟಿ ಉಂಟು ಮೇಡಂ, ಗಂಡ ಹೆಂಡತಿ ಒಂದು ಮಗು, ಗಂಡ ಹೊರಗೆ, ಬಾಡಿಗೆ ತಿಂಗಳ ಮೊದಲ ದಿನ ಬರ್ತದೆ." ನನ್ನ ಬಾಯಿಂದ ಬಂದ ಮೊದಲ ಮಾತು "ಯಾರವರು?" ನಾನು ಕೇಳಿದ್ದು ಕೆಲಸ ಅಲ್ಲ, ಅವನಿಗೂ ಗೊತ್ತು. ಹೆಸರು ಹೇಳಿದ. "ಇವರ ಹತ್ರ ಕೇಳಿ ಹೇಳ್ತೇನೆ" ಎಂದೆ. ಇವರು ಅಲ್ಲೇ ಈಸಿಚೇರಿನಲ್ಲಿ ಪೇಪರ್ ಓದುತ್ತಿದ್ದರು. ನಾನು ಕೇಳಲೇ ಇಲ್ಲ. ಸಂಜೆ ಬ್ರೋಕರ್ ಮತ್ತೆ ಫೋನ್ ಮಾಡಲಿಲ್ಲ, ಅವನಿಗೆ ಇದು ಅಭ್ಯಾಸ ಇರಬೇಕು. ಜಾಮೀನಿನ ಪುಟ ನೋಡಿ ಹನ್ನೊಂದು ವರ್ಷ ನಕ್ಕವಳು ನಾನು. ಫ್ಲಾಟ್ ನಾಲ್ಕು ತಿಂಗಳು ಖಾಲಿ ಬಿತ್ತು, ಕೊನೆಗೆ ನಮ್ಮವರೇ ಬಂದರು, ಐದು ತಿಂಗಳ ಬಾಡಿಗೆ ಬಾಕಿ ಇಟ್ಟು ಹೋದರು. ಇದರಿಂದ ನೀತಿ ತೆಗೆಯಬೇಡಿ, ನೀವೂ ಬಾಕಿ ಇಡುತ್ತಿದ್ದಿರೋ ಏನೋ, ಯಾರಿಗೆ ಗೊತ್ತು.

ಕಾನೂನು ಕೇಳಿದರೆ, ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಯಲ್ಲಿ ಧರ್ಮ ನೋಡಿ ತಡೆಯಬಾರದು ಎನ್ನುತ್ತದೆ. ಸ್ವಂತ ಮನೆ ಯಾರಿಗೆ ಬಾಡಿಗೆಗೆ ಕೊಡಬೇಕು ಎಂಬಲ್ಲಿಗೆ ಅದರ ಕೈ ಉದ್ದ ಆಗುವುದಿಲ್ಲ. ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿಯೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂದಾಗ 2005ರಲ್ಲಿ ಸುಪ್ರೀಂ ಕೋರ್ಟ್ ಅದು ಸರಿಯೇ ಎಂದಿತು.

ಇದರ ಫಲ ಏನು ನೋಡಿ. 2011ರ ಲೆಕ್ಕದಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ ಸುಮಾರು 67 ಹಿಂದೂಗಳು, 24 ಮುಸ್ಲಿಮರು, 8 ಕ್ರೈಸ್ತರು. ಕಾಗದದ ಮೇಲೆ ಇಷ್ಟು ಬೆರೆತ ಜಿಲ್ಲೆ. ಆದರೆ ಮನೆ ಸಿಗದವರು ಸಿಗುವ ಕಡೆ ಹೋಗುತ್ತಾರೆ, ಅಲ್ಲಿ ಅವರೇ ಜಾಸ್ತಿ ಆಗುತ್ತಾರೆ. ಆಮೇಲೆ ನಾವೇ "ಅವರು ಅವರವರೇ ಒಟ್ಟಿಗೆ ಇರ್ತಾರೆ, ಬೆರೆಯುವುದಿಲ್ಲ" ಎಂದು ದೂರುತ್ತೇವೆ. ಇನ್ನೂ ಹೇಳಬೇಕೆಂದರೆ, ಇದು ಒಂದೇ ಕಡೆಯಿಂದ ಅಲ್ಲ. ಹಂದಿ ಬೇಯಿಸುತ್ತಾರೆ ಎಂದು ಕ್ರೈಸ್ತರಿಗೆ ಮನೆ ಇಲ್ಲ ಎಂದವರೂ ಉಂಟು, ಮೀನು ತಿನ್ನುವ ಹಿಂದೂಗಳಿಗೆ ಇಲ್ಲ ಎಂದವರೂ ಉಂಟು.

ನಿಮಗೆ ಉಪಯೋಗಕ್ಕೆ ಬರುವುದು ಒಂದೇ ಮಾತು. ನಿಮ್ಮ ಆಸ್ಪತ್ರೆಯ ಹಳೆಯ ಸಿಸ್ಟರ್ ಒಬ್ಬರನ್ನು ಕರೆದುಕೊಂಡು ನೇರ ಮನೆ ನೋಡಲು ಹೋಗಿ, ಫೋನಿನಲ್ಲಿ ಮುಗಿಸಬೇಡಿ. ಮುಖ ನೋಡಿ ಇಲ್ಲ ಎನ್ನುವುದು ಕಷ್ಟ. ನನಗೂ ಆ ದಿನ ಎದುರಿಗೆ ಬಂದಿದ್ದರೆ ಕಷ್ಟ ಆಗುತ್ತಿತ್ತು.

ಪ್ರಶ್ನೆ: ನಾನು ಇಗರ್ಜಿಯ ಪೂಜೆಗೆ ಹೋಗುವುದು ಬಿಟ್ಟು ಆರು ವರ್ಷ. ಈಗ ಮದುವೆ ನಿಶ್ಚಯ ಆಗಿದೆ, ಇಗರ್ಜಿಯ ಸರ್ಟಿಫಿಕೇಟಿಗೆ ಹೋದರೆ ಗುರ್ಕಾರರಿಂದ (ವಾರ್ಡಿನ ಮುಖಂಡರಿಂದ) ಶುರುವಾಗಿ ಎಲ್ಲರೂ ಉಪದೇಶ ಮಾಡುತ್ತಾರೆ. ಇದು ಬ್ಲಾಕ್‌ಮೇಲ್ ಅಲ್ಲವೇ?
ಶಿರ್ವ

ಉತ್ತರ: ಇಗರ್ಜಿಯಲ್ಲೇ ಮದುವೆ ಆಗಬೇಕೆಂದು ನಿಮಗೆ ಆಸೆ, ಅಲ್ವಾ? ಹಾಗಾದರೆ ಅವರ ಸರ್ಟಿಫಿಕೇಟ್ ಬೇಕೇ ಬೇಕು. ರಿಜಿಸ್ಟ್ರಾರ್ ಆಫೀಸಿನಲ್ಲಿ ಆದರೆ ಬೇಡ. ಕ್ಲಬ್ಬಿನ ಚಂದಾ ಕಟ್ಟದೆ ಕ್ಲಬ್ಬಿನ ಹಾಲ್ ಕೇಳಿದ ಹಾಗೆ ಆಯಿತು ನಿಮ್ಮದು.

ಬೈದೆ ಎಂದು ಬೇಜಾರು ಮಾಡಬೇಡಿ. ನಿಮ್ಮ ಉಸಿರುಗಟ್ಟುವಿಕೆ ಅರ್ಥ ಆಗ್ತದೆ. ನಿಮ್ಮಲ್ಲಿ ಗುರ್ಕಾರ, ಮುಸ್ಲಿಮರಲ್ಲಿ ಜಮಾತ್ ಕಮಿಟಿ, ನಮ್ಮಲ್ಲಿ ಗುತ್ತಿನ (ಊರಿನ ದೊಡ್ಡ ಮನೆತನದ) ಯಜಮಾನರೋ ಮಠವೋ. ಮನೆಯಲ್ಲಿ ಸಾವಾದರೆ ಮೊದಲು ಬರುವವರು ಇವರೇ, ಮಗ ಬೇರೆ ಕಡೆ ಮದುವೆಯಾದರೆ ಮೊದಲು ವಿಚಾರಿಸುವವರೂ ಇವರೇ. ಜಾಮೀನು ಹಾಕಿದ ಕೈಗೆ ಲೆಕ್ಕ ಕೇಳುವ ಅಧಿಕಾರವೂ ಉಂಟು ಎಂದು ಅವರ ಭಾವನೆ. ಬ್ಯಾಂಕಿನಲ್ಲಿ ನಾವೂ ಹಾಗೇ ಮಾಡುತ್ತಿದ್ದೆವು.

ಪ್ರಶ್ನೆ: ಮಗಳು ಕೆಥೊಲಿಕ್ ಹುಡುಗನನ್ನು ಮೆಚ್ಚಿದ್ದಾಳೆ. ಹುಡುಗ ಒಳ್ಳೆಯವನು. ಆದರೆ ಮಗಳು ಮತ ಬದಲಾಯಿಸಬೇಕಾ? ನಿದ್ದೆ ಬರುತ್ತಿಲ್ಲ ಅಕ್ಕಾ.
ಪುತ್ತೂರು

ಉತ್ತರ: ಬೇಡ. ಎರಡು ದಾರಿ ಉಂಟು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಅವರವರ ಧರ್ಮದಲ್ಲೇ ಇದ್ದುಕೊಂಡು ಮದುವೆ ಆಗಬಹುದು. ಮೂವತ್ತು ದಿನ ಮೊದಲು ನೋಟಿಸ್ ಕೊಡಬೇಕು, ಅದನ್ನು ಕಚೇರಿಯ ಬೋರ್ಡಿಗೆ ಹಾಕುತ್ತಾರೆ. ತಲೆನೋವು ಇರುವುದು ಅಲ್ಲೇ, ಆ ಬೋರ್ಡಿನ ಫೋಟೊ ತೆಗೆದು ಗ್ರೂಪಿಗೆ ಬಿಡುವವರು ಇದ್ದಾರೆ. ಆದ್ದರಿಂದ ನೋಟಿಸಿಗೆ ಮೊದಲೇ ಹತ್ತಿರದ ನೆಂಟರಿಗೆ ನೀವೇ ಹೇಳಿ, ಊರಿನವರಿಂದ ಗೊತ್ತಾಗುವುದು ಬೇಡ. ಎರಡನೆಯದು, ಇಗರ್ಜಿಯಲ್ಲೂ ಬಿಷಪರ ಅನುಮತಿ ಪಡೆದು ಮತ ಬದಲಾಯಿಸದೆ ಮದುವೆ ಆಗಲು ಅವಕಾಶ ಉಂಟು. ಆದರೆ ಮಕ್ಕಳನ್ನು ಕೆಥೊಲಿಕರಾಗಿ ಬೆಳೆಸಲು ಕೈಲಾದಷ್ಟು ಪ್ರಯತ್ನ ಮಾಡುತ್ತೇನೆ ಎಂದು ಹುಡುಗ ಮಾತು ಕೊಡಬೇಕು, ಅದು ಮಗಳಿಗೆ ಮೊದಲೇ ಗೊತ್ತಿರಲಿ.

ಆಸ್ತಿಯ ವಿಷಯ ವಕೀಲರ ಹತ್ರ ಕೂತು ಕೇಳಿ. ವಿಶೇಷ ಕಾಯ್ದೆಯಲ್ಲಿ ಬೇರೆ ಧರ್ಮದವರನ್ನು ಮದುವೆಯಾದರೆ ಅವಿಭಕ್ತ ಕುಟುಂಬದಿಂದ ಬೇರೆಯಾದ ಲೆಕ್ಕ, ಆಮೇಲೆ ಅನ್ವಯ ಆಗುವುದು ಭಾರತೀಯ ಉತ್ತರಾಧಿಕಾರ ಕಾಯ್ದೆ.

ಇನ್ನು ನಾನು ಹುಡುಗ ಹುಡುಗಿಯನ್ನು ಎದುರು ಕೂರಿಸಿ ಕೇಳುವುದಾದರೆ ದೇವರ ಬಗ್ಗೆ ಕೇಳುವುದಿಲ್ಲ. ಮಗುವಿಗೆ ಹೆಸರು ಏನು? ದೀಪಾವಳಿಗೆ ಯಾರ ಮನೆ, ಕ್ರಿಸ್ಮಸಿಗೆ ಯಾರ ಮನೆ? ಹುಡುಗನ ಅಪ್ಪ ತೀರಿಹೋದರೆ ನಿಮ್ಮ ಮಗಳು ಎಲ್ಲಿ ನಿಲ್ಲುತ್ತಾಳೆ, ನೀವು ತೀರಿಹೋದರೆ ಅಳಿಯ ಎಲ್ಲಿ ನಿಲ್ಲುತ್ತಾನೆ? ಈ ನಾಲ್ಕಕ್ಕೆ ಜಗಳ ಇಲ್ಲದೆ ಉತ್ತರ ಬಂದರೆ ನೀವು ಮಲಗಿ ನಿದ್ದೆ ಮಾಡಿ.

ಪ್ರಶ್ನೆ: ಯಾವ ಧರ್ಮ ಹೆಂಗಸರನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ?
ಮೂಡುಬಿದಿರೆ

ಉತ್ತರ: ಮೂಡುಬಿದಿರೆಯವರು ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಊರಿನ ಜೈನರಲ್ಲಿ ಅಳಿಯಕಟ್ಟು (ಆಸ್ತಿ ತಾಯಿಯ ಕಡೆಯಿಂದ ಇಳಿಯುವುದು) ಇತ್ತು, ಬಂಟರಲ್ಲಿ ಇತ್ತು, ಬಿಲ್ಲವರಲ್ಲಿ, ಮೊಗವೀರರಲ್ಲಿ ಇತ್ತು. ಅದೇ ಊರಿನ ಬ್ರಾಹ್ಮಣರಲ್ಲಿ ಮಕ್ಕಳಕಟ್ಟು (ಅಪ್ಪನಿಂದ ಇಳಿಯುವುದು). ಬೇರೆ ಊರಿನ ಜೈನರಿಗೆ ಅಳಿಯಕಟ್ಟು ಗೊತ್ತೇ ಇಲ್ಲ. ಅಂದರೆ ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವುದನ್ನು ಇಲ್ಲಿ ಶಾಸ್ತ್ರ ತೀರ್ಮಾನ ಮಾಡಲಿಲ್ಲ, ಊರು ಮಾಡಿತು. ಆಸ್ತಿ ಹೆಣ್ಣಿನ ಹೆಸರಿನಲ್ಲಿ ಇಳಿದರೂ ಹೆಚ್ಚಿನ ಮನೆಗಳಲ್ಲಿ ಕೀಲಿಕೈ ಇದ್ದದ್ದು ಸೋದರಮಾವನ ಸೊಂಟದಲ್ಲಿ, ಅದನ್ನೂ ಹೇಳಬೇಕು.

ಕುದ್ರೋಳಿಯಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ಮಾಡಿದಾಗ ಆಕಾಶ ಬೀಳಲಿಲ್ಲ. ಉಳಿದ ಕಡೆ ಯಾಕೆ ಆಗಲಿಲ್ಲ ಎಂದು ನನ್ನನ್ನು ಕೇಳಬೇಡಿ, ನಿಮ್ಮ ಊರಿನ ಆಡಳಿತ ಮಂಡಳಿಯನ್ನು ಕೇಳಿ.

ಪ್ರಶ್ನೆ: ಆಂಟಿ, ನಾನು ಎಂಟನೇ ಕ್ಲಾಸ್. ನನ್ನ ಬೆಸ್ಟ್ ಫ್ರೆಂಡ್ ಕ್ರಿಶ್ಚಿಯನ್. ಅವಳ ಮನೆಯಲ್ಲಿ ಊಟ ಮಾಡಿದರೆ ಅಜ್ಜಿ ಬೈಯುತ್ತಾರೆ. ಏನು ಮಾಡಲಿ?
ಬಂಟ್ವಾಳ

ಉತ್ತರ: ಮಗಳೇ, ನಾನು ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಕ್ರೈಸ್ತ ಹೆಂಗಸು ಇದ್ದರು, ಬಾಯಿ ಎಂದು ಕರೆಯುತ್ತಿದ್ದೆವು. ಸೆಪ್ಟೆಂಬರ್ 8ಕ್ಕೆ ಅವರಿಗೆ ಮೊಂತಿ ಫೆಸ್ತ್, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಮಕ್ಕಳು ಒಂಬತ್ತು ದಿನ ಬುಟ್ಟಿಯಲ್ಲಿ ಹೂ ಕೊಂಡುಹೋಗಿ ಮರಿಯಮ್ಮನಿಗೆ ಹಾಕುತ್ತಿದ್ದರು. ಹಬ್ಬದ ದಿನ ಇಗರ್ಜಿಯಲ್ಲಿ ಹೊಸ ಭತ್ತದ ತೆನೆ ಆಶೀರ್ವಾದ ಮಾಡಿ ಕೊಡುತ್ತಾರೆ. ಬಾಯಿ ಅದರಲ್ಲಿ ಒಂದು ತೆನೆ ಬೇಲಿಯ ಮೇಲಿಂದ ಅಮ್ಮನಿಗೆ ಕೊಡುತ್ತಿದ್ದರು. ನಮಗೂ ತೆನೆ ಹಬ್ಬ ಉಂಟಲ್ಲ, ಹೊಸ ಅಕ್ಕಿ ಊಟ. ಅಮ್ಮ ಆ ತೆನೆಯನ್ನು ನಮ್ಮ ತೆನೆಯ ಜೊತೆ ಕಟ್ಟುತ್ತಿದ್ದಳು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಬಚ್ಚಲಿನ ಹೊರಗಿನ ಗೋಡೆಯಲ್ಲಿ ಒಂದು ಮೊಳೆ ಇತ್ತು, ಅದಕ್ಕೆ ಸಿಕ್ಕಿಸುತ್ತಿದ್ದಳು. ಬಿಸಾಡುತ್ತಿರಲಿಲ್ಲ. ಒಳಗೆ ತರುತ್ತಲೂ ಇರಲಿಲ್ಲ. ಮುಂದಿನ ವರ್ಷದ ತೆನೆ ಬರುವ ತನಕ ಗುಬ್ಬಿ ತಿಂದು ಉಳಿದ ಕಡ್ಡಿ ಅಲ್ಲೇ ಇರುತ್ತಿತ್ತು.

ಅಜ್ಜಿಯ ಹತ್ರ ಜಗಳ ಬೇಡ. ಮೊಂತಿ ಹಬ್ಬದ ದಿನ ಅವರ ಮನೆಯಲ್ಲಿ ಮೀನು ಮಾಂಸ ಮಾಡುವುದಿಲ್ಲ, ಎಲೆಯಲ್ಲಿ ತರಕಾರಿ ಊಟ. ಆ ದಿನ ಹೋಗು. ಹೋಗುವ ಮೊದಲು ಅಜ್ಜಿಗೆ ಈ ವಿಷಯ ಹೇಳು, ಮತ್ತೆ ನಿನ್ನ ಫ್ರೆಂಡನ್ನು ನಿಮ್ಮ ಹೊಸ ಅಕ್ಕಿ ಊಟಕ್ಕೆ ಕರೆಯಬಹುದಾ ಎಂದೂ ಕೇಳು. ಅಜ್ಜಿ ಏನು ಹೇಳಿದರು ಎಂದು ನನಗೆ ಬರೆ. ಅಕ್ಷರ ಇಷ್ಟೇ ದೊಡ್ಡದಾಗಿ ಬರೆ, ನನಗೆ ಕನ್ನಡಕದ ನಂಬರ್ ಬದಲಾಗಿದೆ.